ಗೊಂಡೋಲಾ ನಿಂತ ದಿನಕ್ಕೆ ಎಷ್ಟು ಸ್ಟಾರ್?

2024ರ ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋದವರಿಗೆ ಕಂಡಿದ್ದು ಒಣಹುಲ್ಲು. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರವನ್ನು ಆಳುವ ಕಡುಚಳಿಯ ಅವಧಿಗೆ ಅಲ್ಲಿನವರು ಚಿಲ್ಲಯ್ ಕಲಾನ್ ಎನ್ನುತ್ತಾರೆ. ಆ ವರ್ಷ ಅದು ಬಹುಪಾಲು ಹಿಮವಿಲ್ಲದೆಯೇ ಕಳೆದುಹೋಯಿತು. ಕೆಲವೇ ವಾರಗಳಲ್ಲಿ ಚಿತ್ರ ಬದಲಾಯಿತು. ಫೆಬ್ರವರಿಯಲ್ಲಿ ಅದೇ ಬಯಲಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುವಷ್ಟು ಹಿಮ ಬಿತ್ತು. ಕ್ರೀಡಾಕೂಟ ನಡೆಯುತ್ತಿದ್ದಾಗಲೇ, 22ನೇ ತಾರೀಕು, ಮೇಲಿನ ಅಫರ್ವಾಟ್ ಬೆಟ್ಟದಲ್ಲಿ ಹಿಮಕುಸಿತವಾಗಿ ರಷ್ಯಾದ ಸ್ಕೀಯರ್ ಒಬ್ಬರು ಪ್ರಾಣ ಕಳೆದುಕೊಂಡರು.

ಈ ಕೆಲವು ವಾರಗಳ ಅಂತರದಲ್ಲಿ ಹೋದ ಇಬ್ಬರು ಒಂದೇ ಜಾಗಕ್ಕೆ ರೇಟಿಂಗ್ ಕೊಟ್ಟರು ಎಂದುಕೊಳ್ಳೋಣ. ಒಬ್ಬರು ಒಂದು ಸ್ಟಾರ್ ಕೊಡುತ್ತಾರೆ, ಇನ್ನೊಬ್ಬರು ಐದು. ಇಬ್ಬರೂ ಕಂಡದ್ದನ್ನೇ ಬರೆದಿರುತ್ತಾರೆ. ಆದರೆ ಮುಂದಿನ ಚಳಿಗಾಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿರುವ ಮೂರನೆಯವರಿಗೆ ಇವೆರಡರಿಂದಲೂ ಉಪಯೋಗವಿಲ್ಲ. ಹೋಟೆಲಿಗೋ ಸಿನಿಮಾಕ್ಕೋ ಅಂಕ ಕೊಡುವ ಅಭ್ಯಾಸವನ್ನೇ ಹಿಮದ ಬೆಟ್ಟಕ್ಕೂ ತಂದರೆ ಹೀಗಾಗುತ್ತದೆ. ಬೆಟ್ಟ ಕೊಟ್ಟಿದ್ದೆಷ್ಟು, ಅದನ್ನು ನಡೆಸುವವರು ಮಾಡಿದ್ದೆಷ್ಟು ಎಂಬುದನ್ನು ಬೇರೆ ಮಾಡಿ ನೋಡದಿದ್ದರೆ ಸ್ಕೀ ರೆಸಾರ್ಟಿನ ರೇಟಿಂಗ್ ಹವಾಮಾನದ ವರದಿಯಷ್ಟೇ ಆಗಿ ಉಳಿಯುತ್ತದೆ. ನಡೆಸುವವರ ಕೆಲಸವನ್ನು ತೂಗಬೇಕಾದ ನಿಜವಾದ ದಿನ ಯಾವುದೆಂದರೆ, ಅವರು ಲಿಫ್ಟ್ ನಿಲ್ಲಿಸಿ ‘ಇವತ್ತು ಮೇಲೆ ಬಿಡುವುದಿಲ್ಲ’ ಎಂದ ದಿನ. ಇದು ನನ್ನ ದೃಢವಾದ ಅಭಿಪ್ರಾಯ. ಯಾಕೆಂಬುದು ಮುಂದೆ ಬರುತ್ತದೆ.

ಮೊದಲು ಹಿಮದ ಮಾತು. ಹಿಮ ಬೀಳಿಸುವುದು ಯಾರ ಕೈಯಲ್ಲೂ ಇಲ್ಲ. ಕಾಶ್ಮೀರಕ್ಕೆ ಹಿಮ ತರುವ ಪಶ್ಚಿಮದ ಮಾರುತಗಳು ಮೆಡಿಟರೇನಿಯನ್ ಕಡೆಯಿಂದ ಬರುತ್ತವೆ. ಅವು ದುರ್ಬಲವಾದ ವರ್ಷ ಪೀರ್ ಪಂಜಾಲ್ ಸಾಲು ಬೋಳಾಗಿ ನಿಲ್ಲುತ್ತದೆ. 2025ರಲ್ಲೂ ಹಿಮ ಸಾಲದೆ ಖೇಲೋ ಇಂಡಿಯಾದ ಗುಲ್ಮಾರ್ಗ್ ಸ್ಪರ್ಧೆಗಳನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಇದಕ್ಕಾಗಿ ಲಿಫ್ಟ್ ನಡೆಸುವವರ ಅಂಕ ಕಳೆಯುವುದು ಅನ್ಯಾಯ. ಆದರೆ ಇರುವ ಹಿಮದ ಬಗ್ಗೆ ಅವರು ಹೇಳುವ ಮಾತು ಅವರ ಕೈಯಲ್ಲೇ ಇದೆ. ಅದು ನಿಜವಾಗಿತ್ತೇ ಎಂದು ನೋಡಬೇಕು.

ಈ ವಿಷಯದಲ್ಲಿ ಶ್ರೀಮಂತ ದೇಶಗಳ ರೆಸಾರ್ಟ್‌ಗಳೂ ಹರಿಶ್ಚಂದ್ರರೇನಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಜೊನಾಥನ್ ಜಿನ್ಮನ್ ಮತ್ತು ಎರಿಕ್ ಜಿಟ್ಜೆವಿಟ್ಜ್ ಎಂಬ ಅರ್ಥಶಾಸ್ತ್ರಜ್ಞರು ರೆಸಾರ್ಟ್‌ಗಳು ತಾವೇ ಪ್ರಕಟಿಸುವ ಹಿಮಪಾತದ ಲೆಕ್ಕವನ್ನು ಪರಿಶೀಲಿಸಿದರು. ವಾರದ ಉಳಿದ ದಿನಗಳಿಗಿಂತ ಶನಿವಾರ, ಭಾನುವಾರ ಶೇ 23ರಷ್ಟು ಹೆಚ್ಚು ಹೊಸ ಹಿಮ ಬಿದ್ದಂತೆ ವರದಿಗಳು ಹೇಳುತ್ತಿದ್ದವು. ಮೋಡಕ್ಕೆ ವಾರಾಂತ್ಯ ಯಾವುದೆಂದು ಗೊತ್ತಿಲ್ಲ, ಟಿಕೆಟ್ ಮಾರುವವರಿಗೆ ಗೊತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಅವರ ಅಧ್ಯಯನದಲ್ಲಿದೆ: ಸ್ಕೀಯರ್‌ಗಳು ಬೆಟ್ಟದ ಮೇಲಿಂದಲೇ ಮೊಬೈಲ್‌ನಲ್ಲಿ ಹಿಮದ ಸ್ಥಿತಿ ಬರೆದು ಹಾಕುವಂತಾದ ಮೇಲೆ ಈ ಉತ್ಪ್ರೇಕ್ಷೆ ಬಹಳ ಇಳಿಯಿತು. ಸಾಮಾನ್ಯ ಪ್ರವಾಸಿಯ ಒಂದು ಪ್ರಾಮಾಣಿಕ ಸಾಲಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಹಿಮದಂತೆಯೇ ಉದ್ದದ ಲೆಕ್ಕವೂ. ಸ್ಕೀ ಮಾಡಲು ಸಿದ್ಧಪಡಿಸಿದ ಹಾದಿಗೆ ಪೀಸ್ಟ್ ಎನ್ನುತ್ತಾರೆ. ‘ನಮ್ಮಲ್ಲಿ ಇಷ್ಟು ನೂರು ಕಿಲೋಮೀಟರ್ ಪೀಸ್ಟ್ ಇದೆ’ ಎಂಬುದು ಯುರೋಪಿನ ಜಾಹೀರಾತುಗಳ ಮೊದಲ ಸಾಲು. ಜರ್ಮನಿಯ ಕ್ರಿಸ್ಟೋಫ್ ಶ್ರಾಹೆ ಒಂದೊಂದೇ ತಾಣವನ್ನು ಅಳೆಯುತ್ತ ಹೋದರು. 2013ರಲ್ಲಿ ಹೊರಬಂದ ಅವರ ಲೆಕ್ಕದ ಪ್ರಕಾರ ಸ್ವಿಟ್ಜರ್ಲೆಂಡಿನ ‘ಫೋರ್ ವ್ಯಾಲೀಸ್’ ಹೇಳಿಕೊಂಡಿದ್ದ 412 ಕಿ.ಮೀ.ನಲ್ಲಿ ನಿಜವಾಗಿ ಇದ್ದದ್ದು 164. ಫ್ರಾನ್ಸಿನ ‘ತ್ರೀ ವ್ಯಾಲೀಸ್’ನ 600 ಕಿ.ಮೀ. 493ಕ್ಕೆ ಇಳಿಯಿತು. ಸ್ಕೀಯರ್ ನೇರವಾಗಿ ಇಳಿಯದೆ ಅಂಕುಡೊಂಕಾಗಿ ತಿರುಗುತ್ತಾ ಇಳಿಯುತ್ತಾನಲ್ಲ, ಆ ತಿರುವುಗಳನ್ನೆಲ್ಲ ಸೇರಿಸಿ ಅಳೆದಿದ್ದೇವೆ ಎಂಬುದು ಕೆಲವರ ಸಮರ್ಥನೆ. ಹಾಗಾಗಿ ಒಟ್ಟು ಉದ್ದಕ್ಕೆ ಮರುಳಾಗುವ ಬದಲು ನೀವು ಹೋದ ದಿನ ಅದರಲ್ಲಿ ಎಷ್ಟು ತೆರೆದಿತ್ತು, ಎಷ್ಟು ಹೊತ್ತಿಗೆ ಹದಗೆಟ್ಟಿತು ಎಂದು ಬರೆಯುವುದು ಲೇಸು.

ಗುಲ್ಮಾರ್ಗ್‌ನ ಸ್ವಭಾವವೇ ಬೇರೆ. ಕೆಳಗಿನ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿ ನಿರ್ಮಿಸಿದ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ 1998ರಲ್ಲಿ ಕೊಂಗ್‌ಡೂರಿಯವರೆಗೆ ಬಂತು. 2005ರಲ್ಲಿ ಬಂದ ಎರಡನೇ ಹಂತ ಜನರನ್ನು ಅಫರ್ವಾಟ್‌ನ ಭುಜಕ್ಕೆ, ಅಂದರೆ ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಯಂತ್ರದಿಂದ ಹದಗೊಳಿಸಿದ ಹಾದಿ ಇರುವುದು ಹೆಚ್ಚಾಗಿ ಕೆಳಗಡೆಯೇ, ಅದೂ ಸ್ವಲ್ಪ. ಮೇಲಿರುವುದು ತೆರೆದ ಬೋಗುಣಿಯಂಥ ಇಳಿಜಾರುಗಳು, ಕಣಿವೆಗಳು, ಅವುಗಳ ಕೆಳಗೆ ಭೂರ್ಜ ಮತ್ತು ಫರ್ ಮರಗಳ ಕಾಡು. ನಡುವೆ ಗುರುತಿನ ಕೋಲುಗಳಿಲ್ಲ. ಪುಡಿಹಿಮದ ಹುಚ್ಚಿನವರು ಆಸ್ಟ್ರೇಲಿಯಾದಿಂದಲೂ ಸ್ವೀಡನ್‌ನಿಂದಲೂ ಇಲ್ಲಿಗೆ ಬರುವುದು ಇದಕ್ಕೇ. ಆಲ್ಪ್ಸ್‌ನಲ್ಲಿ ವಾರವಿಡೀ ಹದವಾದ ಹಾದಿಯಲ್ಲಿ ಜಾರಿ ಅಭ್ಯಾಸವಾದವರು ಇಲ್ಲಿಗೆ ಬಂದು ‘ಪೀಸ್ಟೇ ಇಲ್ಲ’ ಎಂದು ಎರಡು ಸ್ಟಾರ್ ಕೊಟ್ಟರೆ ಅದು ಗುಲ್ಮಾರ್ಗ್‌ನ ಕೊರತೆಯಾಗದು, ಆಯ್ಕೆಯಲ್ಲಾದ ಎಡವಟ್ಟು. ಮರಗಳ ನಡುವೆ ಸೊಂಟಮಟ್ಟದ ಹಿಮದಲ್ಲಿ ಇಳಿದ ಪರಿಣತ ‘ಎಲ್ಲರೂ ನೋಡಲೇಬೇಕಾದ ಜಾಗ’ ಎಂದು ಬರೆದರೂ ಅಷ್ಟೇ ತಪ್ಪು. ನಾನು ಮೊದಲ ಸಲ ಸ್ಕೀ ಕಟ್ಟಿದವನು, ಅಥವಾ ಹತ್ತು ವರ್ಷದ ಅನುಭವಿ ಎಂಬ ಒಂದು ಮಾತು ರೇಟಿಂಗ್‌ನ ಮೊದಲಿಗೇ ಇರಲಿ.

ಇಳಿಜಾರುಗಳಿಗೆ ಬಣ್ಣ ಹಚ್ಚುವ ಪದ್ಧತಿಯೂ ಗೊಂದಲ ಹುಟ್ಟಿಸುತ್ತದೆ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಕೆಲವು ದೇಶಗಳಲ್ಲಿ ನೀಲಿಗಿಂತ ಸುಲಭವಾದ ಹಸಿರೂ ಉಂಟು. ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಜಗತ್ತಿಗೆಲ್ಲ ಒಂದೇ ಅಳತೆ ಇಲ್ಲ. ತಮ್ಮ ಬೆಟ್ಟದ ಮಟ್ಟಿಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ಪ್ರತಿ ರೆಸಾರ್ಟ್ ತಾನೇ ನಿರ್ಧರಿಸುತ್ತದೆ. ಒಂದು ಊರಿನ ನೀಲಿ ಇನ್ನೊಂದು ಊರಿನ ಕೆಂಪಾಗಬಹುದು. ಬಣ್ಣ ನಂಬಿ ಹೋಗಿ ಮಧ್ಯದಲ್ಲಿ ಕಾಲು ನಡುಗಿ ನಿಂತ ಅನುಭವವಾಗಿದ್ದರೆ ಅದನ್ನು ಬರೆಯುವುದು ದೂರಲ್ಲ, ಉಪಕಾರ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಆಗುತ್ತವೆ. ನುರಿತ ಸ್ಕೀಯರ್ ಹುಡುಕಿಕೊಂಡು ಹೋಗುವುದೂ ಅಂಥ ಇಳಿಜಾರುಗಳನ್ನೇ. ಹಿಮ ಒಂದೇ ರಾಶಿಯಾಗಿ ಕೂರುವುದಿಲ್ಲ, ಪದರ ಪದರವಾಗಿ ಕೂರುತ್ತದೆ. ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಹೊತ್ತೊಯ್ದು ಇನ್ನೊಂದು ಮಗ್ಗುಲಿಗೆ ಸುರಿದು ಗಟ್ಟಿ ಹಲಗೆಯಂತೆ ಒತ್ತುತ್ತದೆ. ಅದರಡಿ ಸಕ್ಕರೆಯ ಹರಳಿನಂಥ ಸಡಿಲ ಪದರವಿದ್ದರೆ ಒಬ್ಬ ಮನುಷ್ಯನ ಭಾರ ಸಾಕು, ಇಡೀ ಹಲಗೆ ಬಿರುಕುಬಿಟ್ಟು ಜಾರುತ್ತದೆ. ಕಾಲಡಿಯ ಹಿಮ ಧೊಪ್ಪೆಂದು ಕೂತ ಸದ್ದು ಕೇಳಿದರೆ ಅನುಭವಿಗಳು ಮಾತಿಲ್ಲದೆ ಹಿಂದಿರುಗುತ್ತಾರೆ. ಹೂತುಹೋದವರು ಬದುಕುವ ಅವಕಾಶ ಮೊದಲ ಹತ್ತು, ಹದಿನೈದು ನಿಮಿಷಗಳಲ್ಲೇ ತೀರ್ಮಾನವಾಗುತ್ತದೆ. ಊರಿಂದ ರಕ್ಷಣಾ ತಂಡ ಬರುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ. ಆದ್ದರಿಂದಲೇ ಸಂಕೇತ ಕಳಿಸುವ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇವು ಮೂರೂ ಜೊತೆಗೆ ಹೋಗುವ ಪ್ರತಿಯೊಬ್ಬರ ಬಳಿಯೂ ಇರಬೇಕೆನ್ನುತ್ತಾರೆ.

ಗುಲ್ಮಾರ್ಗ್ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿದೆ. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗ್ ಬಳಿ ತರಬೇತಿಯಲ್ಲಿದ್ದ ಸೇನೆಯ 17 ಮಂದಿ ಹಿಮದಡಿ ಸತ್ತರು. ಅವರು ಹಿಮದ ಯುದ್ಧವನ್ನೇ ಕಲಿಸುವ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಶಾಲೆಯವರು. 2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹೋದರು. ಮರುವರ್ಷದ ಸಾವನ್ನು ಆಗಲೇ ಹೇಳಿದೆ. ಗಾಳಿಯ ಅಪಾಯ ಬೇಸಿಗೆಗೂ ಇದೆ. 2017ರ ಜೂನ್‌ನಲ್ಲಿ ಬಿರುಗಾಳಿಗೆ ಮರವೊಂದು ಮುರಿದು ಗೊಂಡೋಲಾಕ್ಕೆ ಬಡಿದು ಏಳು ಮಂದಿ ಸತ್ತರು.

ಇಷ್ಟನ್ನು ತಿಳಿದ ಮೇಲೆ, ಬೆಂಗಳೂರಿನಿಂದ ಹಣ ಖರ್ಚು ಮಾಡಿ ಹೋದಾಗ ಎರಡನೇ ಹಂತ ಮುಚ್ಚಿದೆ ಎಂಬ ಫಲಕ ಕಂಡರೆ ಏನು ಮಾಡಬೇಕು? ನಿರಾಸೆ ಸಹಜ. ಆದರೆ ಆ ನಿರಾಸೆಯ ಬಿಸಿಯಲ್ಲಿ ಒಂದು ಸ್ಟಾರ್ ಒತ್ತುವುದು ಅಪಾಯಕಾರಿ. ಮುಚ್ಚಿದ್ದಕ್ಕೆ ಅಂಕ ಕಳೆದುಕೊಳ್ಳುವ ವ್ಯವಸ್ಥೆಯ ಮೇಲೆ ಮುಂದಿನ ಸಲ ತೆರೆಯುವ ಒತ್ತಡ ಬೀಳುತ್ತದೆ. ಪ್ರವಾಸಿಗಳ ಸಿಟ್ಟು, ಹೋಟೆಲಿನವರ ಒತ್ತಾಯ, ಟಿಕೆಟ್ ಹಣ ಹಿಂದಿರುಗಿಸುವ ತಲೆನೋವು, ಇವೆಲ್ಲದರ ನಡುವೆಯೂ ಬೆಳಿಗ್ಗೆ ಬೆಟ್ಟ ನೋಡಿ ಬಂದ ಗಸ್ತು ಸಿಬ್ಬಂದಿಯ ಮಾತಿಗೆ ಬೆಲೆ ಕೊಟ್ಟು ಲಿಫ್ಟ್ ನಿಲ್ಲಿಸಿದವರಿಗೆ ಹೆಚ್ಚು ಅಂಕ ಸಲ್ಲಬೇಕು. ನೀವು ವಿಚಾರಿಸಬೇಕಾದ್ದು ಹೇಗೆ ಮುಚ್ಚಿದರು ಎಂದು. ಕಾರಣವನ್ನು ಬರೆದು ಹಾಕಿದ್ದರೇ? ಎಷ್ಟು ಹೊತ್ತಿಗೆ ಹೇಳಿದರು? ಬೆಳಿಗ್ಗೆ ಏಳಕ್ಕೇ ಗೊತ್ತಿದ್ದನ್ನು ಜನ ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಹೇಳಿದರೇ? ಹಣ ವಾಪಸು ಬಂತೇ? ಕಳಪೆ ರೇಟಿಂಗ್ ಕೊಡುವುದಿದ್ದರೆ ಇವುಗಳಿಗೆ ಕೊಡಿ.

ಜಪಾನಿನ ನಿಸೆಕೊ ಇಲ್ಲಿ ಒಳ್ಳೆಯ ಮಾದರಿ. ಅಲ್ಲಿ ರೆಸಾರ್ಟಿನ ಗಡಿ ದಾಟಿ ಕಾಡುಹಿಮಕ್ಕೆ ಹೋಗಲು ಗೊತ್ತುಪಡಿಸಿದ ಗೇಟುಗಳಿವೆ. ಗೇಟು ತೆರೆದಿದ್ದರೆ ಹೋಗಬಹುದು, ಮುಚ್ಚಿದ್ದರೆ ಇಲ್ಲ. ಹಗ್ಗದಡಿ ನುಸುಳಿದವರ ಲಿಫ್ಟ್ ಪಾಸ್ ಕಿತ್ತುಕೊಳ್ಳುತ್ತಾರೆ. ಪ್ರತಿ ಬೆಳಿಗ್ಗೆ ಹಿಮಕುಸಿತದ ಸ್ಥಿತಿ ಪ್ರಕಟವಾಗುತ್ತದೆ. ಗುಲ್ಮಾರ್ಗ್‌ನಲ್ಲೂ ಸ್ಕೀ ಗಸ್ತು ಪಡೆ ಇದೆ, ಗೊಂಡೋಲಾ ಆಸುಪಾಸಿನ ಇಳಿಜಾರನ್ನು ಅದು ನೋಡಿಕೊಳ್ಳುತ್ತದೆ. ಅದರಾಚೆ ಹೋದವರು ಅಕ್ಷರಶಃ ತಮ್ಮ ಹೊಣೆಯ ಮೇಲೆ ಹೋದವರು. ಆ ಗಡಿ ಹೊಸಬರಿಗೆ ಕಾಣುವಂತೆ ಗುರುತಾಗಿತ್ತೇ ಎಂಬ ಪ್ರಶ್ನೆಗೆ ರೇಟಿಂಗ್‌ನಲ್ಲಿ ಉತ್ತರವಿರಬೇಕು. ಹಿಮಕುಸಿತದ ಅಪಾಯವನ್ನು ಒಂದರಿಂದ ಐದರವರೆಗೆ ಅಳೆಯುವ ಪದ್ಧತಿ ಹೆಚ್ಚಿನ ದೇಶಗಳಲ್ಲಿದೆ. ಮೂರು ಅಂದರೆ ನಡುಮಟ್ಟ ಎಂದು ಹಗುರವಾಗಿ ತೆಗೆದುಕೊಂಡು ಹೋಗಿ ಸತ್ತವರೇ ಆಲ್ಪ್ಸ್‌ನಲ್ಲಿ ಬಹಳ. ಭಾರತದಲ್ಲಿ ಈ ಮುನ್ಸೂಚನೆ ಕೊಡುವುದು ಡಿಆರ್‌ಡಿಒ ಅಧೀನದ ಡಿಜಿಆರ್‌ಇ ಎಂಬ ಸಂಸ್ಥೆ.

ಬಾಡಿಗೆ ಸಾಮಾನಿನ ಅಂಗಡಿಯನ್ನು ರೇಟಿಂಗ್ ಕೊಡುವವರು ಸಾಮಾನ್ಯವಾಗಿ ‘ಬೂಟು ಕಚ್ಚುತ್ತಿತ್ತು’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅಲ್ಲಿ ನೋಡಬೇಕಾದ್ದು ಬಹಳ ಇದೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್‌ನದು. ನೆಟ್ಟಗೆ ನಿಂತಾಗ ಕಾಲ್ಬೆರಳು ಮುಂದಕ್ಕೆ ತಾಗಬೇಕು, ಮೊಣಕಾಲು ಮುಂದೆ ಬಾಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಒಳಗೆ ಒಂದೇ ತೆಳು ಕಾಲುಚೀಲ. ಚಳಿಗೆ ಹೆದರಿ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಿಕೊಂಡರೂ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಗಾಯವಾಗುತ್ತದೆ. ಆಮೇಲೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬಿದ್ದಾಗ ಇದು ತಾನಾಗಿ ಬಿಟ್ಟುಕೊಳ್ಳಬೇಕು. ಬಿಡದಿದ್ದರೆ ಉದ್ದ ಸ್ಕೀ ಕಾಲನ್ನು ತಿರುಚಿ ಮೊಣಕಾಲಿನ ಲಿಗಮೆಂಟ್ ಹರಿಯುತ್ತದೆ. ಸುಮ್ಮನೆ ಹೋಗುವಾಗಲೇ ಬಿಟ್ಟುಕೊಂಡರೆ ಅದೂ ಅಪಾಯ. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸವಾರನ ಪರಿಣತಿ ನೋಡಿ ಸ್ಕ್ರೂ ತಿರುಗಿಸಿ ನಿಗದಿ ಮಾಡುತ್ತಾರೆ. ಹಾಗಾಗಿ ಅಂಗಡಿಯವರು ನಿಮ್ಮ ತೂಕ ಕೇಳಿದರೇ, ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡರೇ ಎಂಬುದನ್ನು ಗಮನಿಸಿ. ಹಿಂದಿನ ಗಿರಾಕಿ ಬಿಚ್ಚಿಟ್ಟಿದ್ದನ್ನು ಹಾಗೆಯೇ ನಿಮ್ಮ ಕಾಲಿಗೆ ಕಟ್ಟಿದ್ದರೆ, ಬೂಟು ಎಷ್ಟೇ ಹೊಸದಿರಲಿ, ಆ ಅಂಗಡಿಗೆ ಅಂಕ ಇಲ್ಲ. ಹೆಲ್ಮೆಟ್ ಕೇಳದೆಯೇ ಕೊಟ್ಟವರಿಗೆ ಒಂದು ಹೆಚ್ಚು ಕೊಡಿ.

ಕಲಿಸುವವರ ವಿಷಯ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸಂಸ್ಥೆ ಇದೆ. ದಿನಗಟ್ಟಲೆ ಶಿಬಿರದಲ್ಲಿ ಕಲಿಯುವುದಕ್ಕೂ ಬಯಲಲ್ಲಿ ಎದುರಾದವರ ಜೊತೆ ಒಂದು ಗಂಟೆಗೆ ಚೌಕಾಸಿ ಮಾಡಿ ಕಲಿಯುವುದಕ್ಕೂ ಅಜಗಜಾಂತರ. ಒಳ್ಳೆಯ ಶಿಕ್ಷಕ ಮೊದಲು ಬೀಳುವುದನ್ನು, ಬಿದ್ದು ಏಳುವುದನ್ನು, ನಿಲ್ಲುವುದನ್ನು ಕಲಿಸುತ್ತಾನೆ. ಜಾರುವುದು ಆಮೇಲೆ. ಮೊದಲ ಅರ್ಧ ಗಂಟೆಯಲ್ಲೇ ಫೋಟೊಗೆ ನಿಲ್ಲಿಸಿ ಮೇಲಿಂದ ನೂಕಿದವರ ಬಗ್ಗೆ ಉಳಿದವರಿಗೆ ತಿಳಿಸಿ.

ಎತ್ತರದ ಬಗ್ಗೆ ನಮ್ಮ ಕಡೆಯವರು ಯೋಚಿಸುವುದೇ ಇಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ವಿಮಾನ ಹತ್ತಿ ಅದೇ ದಿನವೋ ಮರುದಿನವೋ 3,950 ಮೀಟರ್‌ಗೆ ಹೋಗಿ ನಿಂತರೆ ತಲೆನೋವು, ವಾಕರಿಕೆ, ಏದುಸಿರು ಯಾರಿಗೂ ಬರಬಹುದು. ವಯಸ್ಸಾದ ತಂದೆತಾಯಿ, ಹೃದಯದ ತೊಂದರೆ ಇರುವವರು ಜೊತೆಗಿದ್ದಾಗ ಟಿಕೆಟ್ ಕೌಂಟರಿನಲ್ಲಿ ಯಾರಾದರೂ ಎಚ್ಚರಿಸಿದರೇ, ಮೇಲೆ ಆಮ್ಲಜನಕವೂ ವೈದ್ಯರೂ ಇದ್ದರೇ? ಮೂಳೆ ಮುರಿದರೆ ಹತ್ತಿರದ ದೊಡ್ಡ ಆಸ್ಪತ್ರೆ ಶ್ರೀನಗರದಲ್ಲಿ, ಐವತ್ತು ಕಿಲೋಮೀಟರ್ ದೂರ. ಅದರಲ್ಲಿ ತಪ್ಪಲಿನ ತಂಗ್‌ಮಾರ್ಗ್‌ವರೆಗಿನ 13 ಕಿ.ಮೀ. ತಿರುವುಗಳ ಹಾದಿ, ಹಿಮ ಬಿದ್ದಾಗ ಗಾಲಿಗೆ ಸರಪಳಿ ಕಟ್ಟಿದ ಗಾಡಿಗಳಷ್ಟೇ ಹೋಗುವಂಥದ್ದು. ವಿಮೆಯ ಕಾಗದವನ್ನೂ ಓದಿ. ಎಷ್ಟೋ ಪ್ರವಾಸ ವಿಮೆಗಳು ಸ್ಕೀಯಿಂಗ್ ಗಾಯಕ್ಕೆ ಹಣ ಕೊಡುವುದಿಲ್ಲ. ಯುರೋಪಿಗೆ ಹೋಗುವವರಿಗಂತೂ ಹೆಲಿಕಾಪ್ಟರ್ ರಕ್ಷಣೆಯ ಬಿಲ್ ಮನೆಗೆ ಬಂದಾಗ ಇದರ ಬಿಸಿ ತಟ್ಟುತ್ತದೆ.

ಊಟ, ಕೋಣೆ, ಹೀಟರ್ ಬಗ್ಗೆ ಬರೆಯಲು ಎಲ್ಲರಿಗೂ ಬರುತ್ತದೆ, ಬರೆಯುತ್ತಲೂ ಇದ್ದಾರೆ. ಸ್ಕೀ ರೆಸಾರ್ಟಿನ ರೇಟಿಂಗ್‌ನಲ್ಲಿ ಅವಕ್ಕೆ ನಾನು ಕೊನೆಯ ಸ್ಥಾನ ಕೊಡುತ್ತೇನೆ.

ಒಂದು ವರ್ಗ ಮಾತ್ರ ಸದಾ ಮರೆತುಹೋಗುತ್ತದೆ: ಸ್ಕೀ ಮಾಡದೆ ಹಿಮ ಮುಟ್ಟಿ ಬರಲು ಹೋಗುವವರು. ಭಾರತದ ಹಿಮತಾಣಗಳಲ್ಲಿ ಅವರೇ ಹೆಚ್ಚು. ಗೊಂಡೋಲಾ ಸಾಲಿನಲ್ಲಿ ಸ್ಕೀ ಹೊತ್ತವರೂ ಬರಿಗೈಯವರೂ ಒಟ್ಟಿಗೆ ನಿಲ್ಲುತ್ತಾರೆ, ಇಬ್ಬರಿಗೂ ಬೇಕಾದ್ದು ಬೇರೆ. ಇವರು ಬರೆಯುವಾಗ ಇಳಿಜಾರಿಗೆ ಅಂಕ ಕೊಡುವುದು ಬೇಡ. ಸಾಲು ಹೇಗೆ ನಿಭಾಯಿಸಿದರು, ಶೌಚಾಲಯ ಹೇಗಿತ್ತು, ತಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಕೊಡುವ ಕೋಟು, ಗಂಬೂಟುಗಳ ದರ ಬರೆದು ಹಾಕಿತ್ತೇ, ಇದನ್ನು ಬರೆದರೆ ಸಾಕು. ಸ್ಲೆಜ್ ಎಳೆಯುವವರು, ಕುದುರೆಯವರು ಬೆನ್ನು ಬಿಡುವುದಿಲ್ಲ ಎಂಬ ದೂರು ಎಲ್ಲೆಡೆ ಓದಲು ಸಿಗುತ್ತದೆ. ದರಪಟ್ಟಿ ಇಲ್ಲದಿದ್ದರೆ ಅದು ಆಡಳಿತದ ಲೋಪ. ಹಿಮವಿರುವ ಕೆಲವೇ ವಾರಗಳಲ್ಲಿ ವರ್ಷದ ಸಂಪಾದನೆ ಮಾಡಬೇಕಾದ ಹಳ್ಳಿಯವರ ಹೆಸರು ಹಿಡಿದು ಒಂದು ಸ್ಟಾರ್ ಕೊಡುವಾಗ ಕೈ ತಡೆಯಲಿ. ನೂರಿನ್ನೂರು ರೂಪಾಯಿಯ ಜಗಳಕ್ಕೆ ಅವರು ತೆರುವ ಬೆಲೆ ದೊಡ್ಡದು.

ಇಳಿಜಾರೇ ಎಲ್ಲವೂ ಅಲ್ಲ ಎನ್ನಲು ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದು ನಾರ್ಡಿಕ್ ಸ್ಕೀಯಿಂಗ್‌ನಲ್ಲಿ. ಇದು ಸಮತಟ್ಟು ನೆಲದಲ್ಲೂ ಏರಿನಲ್ಲೂ ತೋಳು, ಕಾಲು, ಶ್ವಾಸಕೋಶಗಳ ಬಲದಿಂದ ಓಡುವ ಸ್ಕೀ. ಗೊಂಡೋಲಾ ನಿಂತ ದಿನ ಕೆಳಗಿನ ಬಯಲಲ್ಲಿ ಇದನ್ನು ಮಾಡಬಹುದು. ಇಂಥ ಹಾದಿ ಹಾಕಿಕೊಟ್ಟಿರುವ ತಾಣಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಹೆಚ್ಚು.

ಇನ್ನು ಬೆಟ್ಟದ ಆಯಸ್ಸಿನ ಪ್ರಶ್ನೆ. ಬೊಲಿವಿಯಾದ ಚಕಾಲ್ಟಾಯಾದಲ್ಲಿ 5,300 ಮೀಟರ್ ಎತ್ತರದಲ್ಲಿ ಸ್ಕೀ ತಾಣವಿತ್ತು. 2009ರ ಹೊತ್ತಿಗೆ ಅಲ್ಲಿನ ಹಿಮನದಿಯೇ ಕರಗಿ ಮುಗಿಯಿತು. 2022ರ ಬೀಜಿಂಗ್ ಒಲಿಂಪಿಕ್ಸ್ ನಡೆದದ್ದು ಬಹುತೇಕ ಯಂತ್ರದ ಹಿಮದ ಮೇಲೆ. ಆ ಯಂತ್ರಕ್ಕೂ ರಾಶಿ ನೀರು, ವಿದ್ಯುತ್ತು, ಸೊನ್ನೆಗಿಂತ ಕೆಳಗಿನ ಒಣ ಚಳಿ ಬೇಕು. ಉತ್ತರಾಖಂಡದ ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಹಿಮ ಮಾಡುವ ಯಂತ್ರಗಳು ಬಂದವು. ಹಾಗಿದ್ದೂ ಆಮೇಲೆ ಹಿಮವಿಲ್ಲದೆ ಸ್ಪರ್ಧೆಗಳು ರದ್ದಾದ ವರ್ಷಗಳಿವೆ. ಔಲಿಗೆ ಅಂಕ ಕೊಡುವವರು ಕೆಳಗಿನ ಜೋಶಿಮಠವನ್ನೂ ನೋಡಬೇಕು. 2023ರ ಜನವರಿಯಲ್ಲಿ ಆ ಊರಿನ ನೂರಾರು ಮನೆಗಳು ಬಿರುಕುಬಿಟ್ಟು ಜನ ಮನೆ ತೊರೆದರು, ಔಲಿಗೆ ಹೋಗುವ ಸುಮಾರು ನಾಲ್ಕು ಕಿ.ಮೀ. ರೋಪ್‌ವೇ ನಿಂತಿತು. ಮೇಲಿನ ಹೋಟೆಲಿನ ಕಿಟಕಿಯಿಂದ ನಂದಾದೇವಿ ಎಷ್ಟು ಚೆನ್ನಾಗಿ ಕಂಡಿತು ಎಂದು ಬರೆಯುವಾಗ ಆ ಹೋಟೆಲಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಒಮ್ಮೆ ಕೇಳಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ.

ಈ ಚಳಿಗಾಲ ಹಿಮದ ಕಡೆ ಹೊರಟಿದ್ದರೆ ನನ್ನದೊಂದು ಕೋರಿಕೆ. ಅಲ್ಲಿಂದ ಬಂದು ಬರೆಯುವಾಗ ಹೋದ ತಾರೀಕು ಹಾಕಿ, ನಿಮ್ಮ ಅನುಭವ ಎಷ್ಟೆಂದು ಹೇಳಿ, ಆ ದಿನ ಯಾವ ಲಿಫ್ಟ್ ತೆರೆದಿತ್ತು, ಯಾವುದು ಮುಚ್ಚಿತ್ತು, ಮುಚ್ಚಿದ್ದಕ್ಕೆ ಕಾರಣ ಏನು ಹೇಳಿದರು ಎಂದು ನಾಲ್ಕು ಸಾಲು ಬರೆಯಿರಿ. ಅಪಾಯ ಕಂಡು ಮುಚ್ಚಿ, ನಿಮಗೆ ಸಮಯಕ್ಕೆ ಸರಿಯಾಗಿ ತಿಳಿಸಿ, ಹಣ ಹಿಂದಿರುಗಿಸಿದ್ದರೆ ಪೂರ್ತಿ ಐದು ಸ್ಟಾರ್ ಕೊಡಿ.